ಗುಡುಗು ಮೇಷ್ಟ್ರು ಸಂಖ್ಯಾಶಾಸ್ತ್ರ ಕಲಿತದ್ದು

ಇಪ್ಪತ್ತಾರು ವರ್ಷ ಊರಿನವರಿಗೆ ಕಾರು ಓಡಿಸಲು ಕಲಿಸಿದ ಗುಡುಗು ಮೇಷ್ಟ್ರು ಐವತ್ತೆರಡನೆಯ ವಯಸ್ಸಿನಲ್ಲಿ ಮನಶ್ಶಾಸ್ತ್ರದ ಎಂ.ಎ.ಗೆ ಸೇರಿದರು. ಕಿಟಕಿಯ ಗಾಜು ಏರಿಸಿದ್ದರೂ ಅವರು ‘ಬ್ರೇಕು’ ಎಂದು ಕೂಗಿದರೆ ಪಕ್ಕದ ಕಾರೂ ನಿಲ್ಲುತ್ತಿತ್ತು. ಆ ಹೆಸರು ಬಂದದ್ದು ಹಾಗೆ. ಚೆನ್ನಾಗಿ ಓಡಿಸುವವರೂ ಲೈಸೆನ್ಸ್ ಪರೀಕ್ಷೆಯ ದಿನ ಯಾಕೆ ಕಲ್ಲಾಗಿಬಿಡುತ್ತಾರೆ ಎಂಬ ಪ್ರಶ್ನೆ ಅವರನ್ನು ಬಹಳ ಕಾಲದಿಂದ ಕೊರೆಯುತ್ತಿತ್ತು. ಡ್ರೈವಿಂಗ್ ಸ್ಕೂಲಿನ ಆಫೀಸು ನೋಡಿಕೊಳ್ಳುವ ಹೆಂಡತಿಗೆ ಉತ್ತರ ಗೊತ್ತಿತ್ತು. “ನಿಮ್ಮ ಗಂಟಲೇ ಕಾರಣ. ಅದಕ್ಕೆ ಎರಡು ವರ್ಷ ಓದಬೇಕಾ?” ಎಂದಿದ್ದರು.

ಮೊದಲ ಸೆಮಿಸ್ಟರ್ ಸುಸೂತ್ರವಾಗಿ ಮುಗಿಯಿತು. ಎರಡನೆಯದರಲ್ಲಿ ಸಂಖ್ಯಾಶಾಸ್ತ್ರ ಬಂತು. ಅದನ್ನು ಕಲಿಸಲು ಬಂದ ಮೇಡಂ ಅವರನ್ನು ನೋಡಿ ಮೇಷ್ಟ್ರು ಮೆಲ್ಲಗೆ ಕೊನೆಯ ಬೆಂಚಿಗೆ ಸರಿದರು. ಆಕೆ ಮೂರು ವರ್ಷದ ಹಿಂದೆ ಇವರ ಬಳಿ ಕಲಿತು ಎರಡು ಸಲ ಫೇಲಾದವರು. ನಿಮಗೆ ಸೈಕಲ್ಲೇ ಸರಿ ಎಂದು ನಡುರಸ್ತೆಯಲ್ಲಿ ಹೇಳಿ ಕಳಿಸಿದ್ದರು ಇವರು. ಮೇಡಂ ಗುರುತು ಹಿಡಿದರು, ನಕ್ಕರು, ಮುಂದಿನ ಬೆಂಚಿನಲ್ಲೇ ಕೂರಿಸಿದರು.

ಸರಾಸರಿ ಹೇಗೋ ತಲೆಗೆ ಹತ್ತಿತು. ಆದರೆ ಎರಡು ಗುಂಪಿನ ನಡುವೆ ವ್ಯತ್ಯಾಸ ಹುಡುಕಲು ಹೊರಟವನು ಮೊದಲು ವ್ಯತ್ಯಾಸವೇ ಇಲ್ಲ ಎಂದುಕೊಳ್ಳಬೇಕಂತೆ. ಅಂಕಿಗಳು ಅದನ್ನು ಅಲ್ಲಗಳೆದರೆ ಮಾತ್ರ ಬಾಯಿ ಬಿಡಬೇಕಂತೆ. ಮೊದಲು ಕೂಗಿ ಆಮೇಲೆ ನೋಡಿ ರೂಢಿಯಿದ್ದ ಮೇಷ್ಟ್ರಿಗೆ ಇದು ಕಬ್ಬಿಣದ ಕಡಲೆಯಾಯಿತು.

ಸಂಶೋಧನೆಗೆ ತಮ್ಮ ಗಂಟಲನ್ನೇ ಆರಿಸಿಕೊಂಡರು. ಸ್ಕೂಲಿನಲ್ಲಿ ಕಲಿಸುತ್ತಿದ್ದ ಇನ್ನೊಬ್ಬನೆಂದರೆ ಬಾಮೈದ. ಅವನ ದನಿ ಎಷ್ಟು ಮೆತ್ತಗೆಂದರೆ ‘ಎಡಕ್ಕೆ’ ಎಂದದ್ದು ಕೇಳಿಸುವಷ್ಟರಲ್ಲಿ ತಿರುವು ದಾಟಿಹೋಗಿರುತ್ತಿತ್ತು. ಇಬ್ಬರ ಕೈಕೆಳಗಿನ ಇಪ್ಪತ್ತಿಪ್ಪತ್ತು ಶಿಷ್ಯರಿಗೆ ಹತ್ತು ಪ್ರಶ್ನೆಗಳ ಹಾಳೆ ಕೊಟ್ಟು, ಅವರವರ ಭಯಕ್ಕೆ ಅಂಕ ಹಾಕಿದರು. ಲ್ಯಾಬಿನಲ್ಲಿ ಒಂದೇ ಬೆರಳಿನಿಂದ ಟೈಪು ಮಾಡಿ ಗುಂಡಿ ಒತ್ತಿದರೆ, ಇವರ ಶಿಷ್ಯರ ಭಯವೇ ಬಹಳ ಹೆಚ್ಚು. ಆಕಸ್ಮಿಕ ಎಂದು ತಳ್ಳಿಹಾಕುವ ಹಾಗೂ ಇರಲಿಲ್ಲ.

ಮನೆಗೆ ಬಂದು ಹ್ಯಾಪುಮೋರೆಯಲ್ಲಿ ಒಪ್ಪಿಕೊಂಡರು. ಹೆಂಡತಿ ನಗಲಿಲ್ಲ, ಕುಡಿಯಲು ನೀರು ಕೊಟ್ಟರು. ಅದು ಇನ್ನೂ ಚುಚ್ಚಿತು. ಮರುದಿನದಿಂದ ಮೇಷ್ಟ್ರು ಪಿಸುಗುಡತೊಡಗಿದರು. ಒಂದೇ ವಾರದಲ್ಲಿ ಮೂವರು ಶಿಷ್ಯರು ಆಫೀಸಿಗೆ ಬಂದು ಸಾರ್‌ಗೆ ಹುಷಾರಿಲ್ಲವೇ ಎಂದು ವಿಚಾರಿಸಿದರು. ನಾಲ್ಕನೆಯವನು ಪಿಸುಮಾತು ಕೇಳಿಸದೆ ಗೇಟಿನ ಕಂಬಕ್ಕೆ ಗುದ್ದಿದ.

ಅಷ್ಟರಲ್ಲಿ ಮೇಡಂ ಹಾಳೆಗಳನ್ನು ತಾಳೆ ನೋಡಿ ಕರೆಸಿದರು. ಕಂಪ್ಯೂಟರಿನಲ್ಲಿ ಗುಂಪು ಒಂದು ಮೇಷ್ಟ್ರದು, ಎರಡು ಬಾಮೈದನದು ಎಂದಿರಬೇಕಾದದ್ದು ಅದಲುಬದಲಾಗಿತ್ತು. ಹೆದರಿದ್ದವರು ಬಾಮೈದನ ಶಿಷ್ಯರು.

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಮೆಲುದನಿಯೇ ಅಪಾಯ ಎಂಬ ಸಿದ್ಧಾಂತವನ್ನು ಅಲ್ಲೇ ಕಟ್ಟಿಯೂಬಿಟ್ಟರು, ಇಡೀ ಕಾರಿಡಾರಿಗೆ ಕೇಳಿಸುವಂತೆ.

“ಸ್ವಲ್ಪ ನಿಲ್ಲಿ ಸಾರ್,” ಎಂದರು ಮೇಡಂ. “ಯಾರು ಯಾರ ಹತ್ರ ಕಲೀಬೇಕು ಅಂತ ನಿರ್ಧಾರ ಮಾಡೋರು ಯಾರು?”

“ನನ್ನ ಹೆಂಡತಿ.”

“ಹೇಗೆ ಅಂತ ಕೇಳಿದ್ದೀರಾ?”

ಇಪ್ಪತ್ತಾರು ವರ್ಷದಲ್ಲಿ ಕೇಳಿರಲಿಲ್ಲ. ಅಂದು ಸಂಜೆ ಕೇಳಿದರು.

“ಫಾರಂ ತುಂಬುವಾಗ ಕೈ ನಡುಗಿದ್ರೆ ತಮ್ಮನ ಹತ್ರ ಕಳಿಸ್ತೀನಿ,” ಎಂದರು ಹೆಂಡತಿ. “ನಿಮ್ಮ ಹತ್ರ ಗಟ್ಟಿಪಿಂಡಗಳು ಮಾತ್ರ. ಇಲ್ದಿದ್ರೆ ಸ್ಕೂಲು ಯಾವತ್ತೋ ಮುಚ್ಚಿರೋದು ಕಣ್ರೀ.”

ಅಂದರೆ ಹೆದರುವವರು ಮನೆಯಿಂದಲೇ ಭಯ ಕಟ್ಟಿಕೊಂಡು ಬಂದಿದ್ದರು. ಗಂಟಲಿನ ವಿಷಯ ಗಂಟಾಗಿಯೇ ಉಳಿಯಿತು. ಮೇಷ್ಟ್ರು ಅದನ್ನೇ ಮುಚ್ಚುಮರೆಯಿಲ್ಲದೆ ಬರೆದರು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪ್ರೊಫೆಸರು, ಒಟ್ಟಿನಲ್ಲಿ ನೀವು ಕಂಡುಹಿಡಿದದ್ದು ಏನು ಎಂದು ಕೇಳಿದರು. “ನನ್ನ ಹೆಂಡತೀನ ಸಾರ್,” ಎಂದರು ಮೇಷ್ಟ್ರು. ಪ್ರೊಫೆಸರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಅರವತ್ತೊಂದು ಅಂಕ ಕೊಟ್ಟರು.

ಈಗ ಆ ಗಂಟು ಬಿಡಿಸಲು ಮೇಡಂ ಸಲಹೆಯಂತೆ ಶಿಷ್ಯರನ್ನು ಚೀಟಿ ಎತ್ತಿ ಹಂಚುತ್ತಾರೆ. ಹೆಂಡತಿ ಒಪ್ಪಿದ್ದು ಆರು ತಿಂಗಳಿಗಷ್ಟೇ. ಮೊದಲ ಚೀಟಿಯಲ್ಲಿ ಮೇಷ್ಟ್ರ ಪಾಲಿಗೆ ಬಂದವರು ನಿವೃತ್ತ ಲೈಬ್ರರಿಯನ್, ಬಾಯಲ್ಲಿ ಬೆರಳಿಟ್ಟರೂ ಕಚ್ಚಲಾರದಂಥ ಹೆಂಗಸು. ಮೂರನೆಯ ದಿನ ಆಕೆ ಕಾರನ್ನು ರಸ್ತೆಬದಿಗೆ ನಿಲ್ಲಿಸಿ, “ನೀವು ಸ್ವಲ್ಪ ಸುಮ್ನಿದ್ರೆ ನಾನು ಗೇರ್ ಹಾಕ್ತೀನಿ,” ಎಂದರಂತೆ. ಮೇಷ್ಟ್ರು ಸುಮ್ಮನಾದರು. ಆಕೆ ಗೇರ್ ಹಾಕಿದರು. ಕಾರು ಹೊರಟಿತು.