ರೀಲಕ್ಕನ ಮೊದಲ ಎಂಟು ಸುತ್ತು

ಆಕೆಯ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಪ್ರಯೋಗಾಲಯದಲ್ಲಿ ಮುಖ್ಯಸ್ಥರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವಳು ರೀಲಕ್ಕ. ಹತ್ತೊಂಬತ್ತು ವರ್ಷಗಳಿಂದ ಕೆಲಸ ಒಂದೇ: ಪಟ್ಟಿಯನ್ನು ಸುರುಳಿ ಸುತ್ತುವುದು.

ಪಟ್ಟಿ ಎಂದರೆ ಕಿರುಬೆರಳ ಉಗುರಿನ ಅರ್ಧದಷ್ಟು ಅಗಲದ, ಕಾಗದದಷ್ಟು ತೆಳ್ಳಗಿನ ಲೋಹದ ರಿಬ್ಬನ್ನು. ಅದರ ಒಂದು ಮೈಯಲ್ಲಿ ಮಾತ್ರ, ತಾಮ್ರದ ಹೊದಿಕೆಯ ಕೆಳಗೆ, ಪಿಂಗಾಣಿಯಂಥ ಒಂದು ಪದರ. ದ್ರವ ಸಾರಜನಕದ ಚಳಿಯಲ್ಲಿ ಮುಳುಗಿಸಿದರೆ ಆ ಪದರದಲ್ಲಿ ಕರೆಂಟು ಒಂದಿಷ್ಟೂ ತಡೆಯಿಲ್ಲದೆ ಹರಿಯುತ್ತದೆ. ಹೇಗೆ ಎಂದು, ಫ್ಯೂಸು ಹೋದರೆ ಪಕ್ಕದ ಮನೆಯ ಬಾಗಿಲು ತಟ್ಟುವ ನಮ್ಮಂಥವರನ್ನು ಕೇಳಬಾರದು. ರೀಲಕ್ಕನಿಗೆ ಗೊತ್ತಿದ್ದದ್ದು ಇಷ್ಟು: ಪಿಂಗಾಣಿ ಮೈ ಒಳಗಿರುವಂತೆ ಬಗ್ಗಿಸಿದರೆ ಅದು ಮುದುಡಿಕೊಂಡು ಸಹಿಸುತ್ತದೆ, ಹೊರಗಿರುವಂತೆ ಬಗ್ಗಿಸಿದರೆ ಹಿಗ್ಗುತ್ತದೆ. ಸ್ವಲ್ಪ ಹಿಗ್ಗಿದ್ದು ಬಿಟ್ಟ ಮೇಲೆ ಸರಿಹೋದೀತು. ಮಿತಿ ದಾಟಿತೋ, ಬಿರುಕು. ಅದು ಮತ್ತೆ ಕೂಡುವುದಿಲ್ಲ. ಮೇಲಿನ ತಾಮ್ರ ಮಾತ್ರ ತನಗೇನೂ ಗೊತ್ತೇ ಇಲ್ಲವೆಂಬಂತೆ ಹೊಳೆಯುತ್ತಿರುತ್ತದೆ.

ನೋಡಲು ಎರಡು ಮೈಯೂ ಒಂದೇ. ಅದಕ್ಕೇ ಪಿಂಗಾಣಿ ಇರುವ ಕಡೆ, ತುದಿಯಲ್ಲಿ, ಹಸಿರು ಮಾರ್ಕರಿನ ಒಂದು ಚುಕ್ಕೆ ಇಡುತ್ತಿದ್ದರು.

ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದವನು ಒಮ್ಮೆ ಒಂದು ಸುರುಳಿ ಸುಟ್ಟಿದ್ದ. ನೂರಾರು ಸುರುಳಿ ಸರಿಯಾಗಿ ಸುತ್ತಿದ್ದನಂತೆ, ಯಾರಿಗೂ ನೆನಪಿಲ್ಲ. ಕೆಲಸ ಬಿಟ್ಟು ಇಪ್ಪತ್ತು ವರ್ಷವಾದರೂ ಅಲ್ಲಿ ಅವನ ಹೆಸರು ‘ಆ ಸುಟ್ಟವನು’ ಎಂದೇ. ತನಗೆ ಆ ಹೆಸರು ಬಾರದಿರಲಿ ಎಂಬುದೊಂದೇ ರೀಲಕ್ಕನ ಮಹತ್ವಾಕಾಂಕ್ಷೆ.

ಒಂದು ಸಂಜೆ ಮನೆಯಲ್ಲಿ ಅವಳ ಟೈಲರ್ ಗಂಡ ಬಟ್ಟೆಯ ತುಂಡೊಂದನ್ನು ಹಿಂದೆ ಮುಂದೆ ತಿರುಗಿಸುತ್ತ ಕೂತಿದ್ದ.

“ಇದ್ರಲ್ಲಿ ಒಳಮೈ ಯಾವ್ದೇ? ಸೀಮೆಸುಣ್ಣದ ಗುರುತು ಅಳಿಸ್ಹೋಯ್ತು.”

“ನಿಮಗೇ ಗೊತ್ತಾಗಲ್ವಾ?”

“ಮೂವತ್ತು ವರ್ಷದ ಅನುಭವ ಇದೇ ಅಂತಿದೆ. ಹೋದ್ಸಲ ಹೆಡ್‌ಮಾಸ್ತರಿಗೆ ತಿರುವುಮುರುವು ಕೋಟು ತೊಡಿಸಿದ್ದೂ ಅದೇ ಅನುಭವ.”

ರೀಲಕ್ಕ ನಗಲು ಬಾಯಿ ತೆರೆದಳು. ನಗು ಬರಲಿಲ್ಲ. ಮೂರು ವಾರದ ಹಿಂದೆ, ಸಂಶೋಧನೆ ಮಾಡುವ ಹುಡುಗಿಯ ಸುರುಳಿಗೆಂದು ಪಟ್ಟಿಯನ್ನು ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸುವಾಗ ಚುಕ್ಕೆಯೂ ಒರೆಸಿಹೋಗಿತ್ತು. ಈ ಕಡೆಯೇ ಇತ್ತಲ್ಲ ಎಂದುಕೊಂಡು ಅವಳೇ ಇನ್ನೊಂದು ಇಟ್ಟಿದ್ದಳು. ಹೆಬ್ಬೆರಳಿಗಿಂತ ಸಣ್ಣ ದಿಂಡಿನ ಮೇಲೆ, ಹಾಡು ಗುನುಗುತ್ತ, ಎಂಬತ್ತು ಮೀಟರ್ ಸುತ್ತಿದ್ದಳು.

“ಏನಾಯ್ತೇ?” ಎಂದ ಗಂಡ.

“ಏನಿಲ್ಲ.”

ಅಂದಿನಿಂದ ಶುರುವಾಯಿತು, ಪದರ ಬಿರುಕು ಬಿಟ್ಟಂಥ ಆ ಸದ್ದು. ಟಿಕ್. ಬೆಲ್ಟು ಮಡಚಿದರೆ ಟಿಕ್. ಬಸ್ಸಿನ ಚೀಟಿ ಬಗ್ಗಿಸಿದರೆ ಟಿಕ್. ಸ್ಟೀಲು ಡಬ್ಬಿಯ ಮುಚ್ಚಳ ತೆಗೆಯುವಾಗ ಅವಳು ಕಿವಿ ಹಚ್ಚಿ ನಿಂತದ್ದು ಕಂಡು ಗಂಡ, “ಒಳಗೆ ಯಾರಾದ್ರೂ ಇದ್ದಾರಾ?” ಎಂದ. ಪ್ರಯೋಗಾಲಯದಲ್ಲಂತೂ ಬೆನ್ನ ಹಿಂದೆ ಯಾರೋ ನಿಂತು ಅವಳ ಕೈಯನ್ನೇ ನೋಡುತ್ತಿರುವ ಹಾಗೆ. ತಿರುಗಿದರೆ ಬರೀ ಸಿಲಿಂಡರು. ಮುಖವನ್ನೇ ಕಾಣದ ಆ ಸುಟ್ಟವನು ಹೇಗಿದ್ದಿರಬಹುದು ಎಂದು ಈಗ ಅವಳಿಗೆ ಚೆನ್ನಾಗಿ ಗೊತ್ತಿತ್ತು: ತನ್ನ ಹಾಗೆಯೇ.

ಸುರುಳಿಯ ತುದಿಗಳಿಗೆ ಆಗಲೇ ಬೆಸುಗೆ ಬಿದ್ದಿತ್ತು. ಒಂದು ಚೂರು ಕತ್ತರಿಸಿ ನೋಡಬೇಕೆಂದರೂ ಬಾಯಿ ಬಿಡಲೇಬೇಕು. ಶುಕ್ರವಾರ ಸುರುಳಿಗೆ ಪೂರ್ತಿ ಕರೆಂಟು ಹಾಯಿಸುವ ದಿನ. ಬಿರುಕಿದ್ದರೆ ಕರೆಂಟು ಅಲ್ಲಿ ತಡೆದು, ಕಾದು, ಹುಡುಗಿಯ ಮೂರು ವರ್ಷವೂ ಸುರುಳಿಯ ಜೊತೆಗೇ ಕರಗುತ್ತದೆ.

ಶುಕ್ರವಾರ ಬೆಳಿಗ್ಗೆ ಸುರುಳಿ ಇಟ್ಟ ತೊಟ್ಟಿಗೆ ದ್ರವ ಸಾರಜನಕ ಸುರಿಯುತ್ತಿದ್ದರು. ಬಿಳಿ ಹಬೆ ನೆಲದ ಮೇಲೆ ಹರಿದು ರೀಲಕ್ಕನ ಕಾಲು ಸುತ್ತಿಕೊಂಡಿತು.

“ಸರ್, ನಿಲ್ಲಿಸಿ. ಚುಕ್ಕೆ ನಾನಿಟ್ಟಿದ್ದು.”

“ಚುಕ್ಕೆ ಯಾವಾಗ್ಲೂ ನೀವೇ ಅಲ್ವಾ ಇಡೋದು?” ಎಂದರು ಮುಖ್ಯಸ್ಥರು.

“ಅಂದಾಜಿಗೆ ಇಟ್ಟೆ.”

ಹುಡುಗಿ ಮೆಲ್ಲಗೆ ಕೇಳಿದಳು, “ಎಷ್ಟು ದಿನದಿಂದ ಗೊತ್ತಕ್ಕ?”

“ಆರು ದಿನ.”

“ಈ ವಾರವೆಲ್ಲ ಮಧ್ಯಾಹ್ನ ನನ್ನ ಜೊತೆ ಕೂತು ಊಟ ಮಾಡಿದ್ರಿ.”

ಬೆಸುಗೆ ಬಿಡಿಸಿ, ಹೊರತುದಿಯ ಚೂರೊಂದನ್ನು ಕತ್ತರಿಸಿ, ಆಸಿಡ್ಡಿನಲ್ಲಿ ತಾಮ್ರವನ್ನೂ ಅದರಡಿಯ ಬೆಳ್ಳಿಯನ್ನೂ ತೊಳೆದರು. ಪಿಂಗಾಣಿಯ ಕಪ್ಪು ಪದರ ಹೊರಮೈಯಲ್ಲಿತ್ತು. ಹುಡುಗಿ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ರೀಲಕ್ಕ ಆ ರಾತ್ರಿ ನಿದ್ದೆ ಮಾಡುತ್ತಿದ್ದಳೇನೋ.

ಎರಡು ದಿನ ಅವಳೇ ಕೂತು ಸುರುಳಿ ಬಿಚ್ಚಿದಳು. ಪ್ರತಿ ಸುತ್ತಿಗೂ ಉಸಿರು ಹಿಡಿದು ಕಿವಿಗೊಟ್ಟಳು. ಎಲ್ಲಿಯೂ ಟಿಕ್ ಎನ್ನಲಿಲ್ಲ. ಹೊರಗಿನ ಸುತ್ತುಗಳು ದೊಡ್ಡವು, ಪಟ್ಟಿ ಅಷ್ಟಾಗಿ ಬಾಗಿರಲಿಲ್ಲ. ಅಲ್ಲಿ ಪದರ ನೆಟ್ಟಗಿತ್ತು. ಒಳಗಿನ ಎಂಟು ಸುತ್ತಿನ ತಾಮ್ರ, ಬೆಳ್ಳಿ ತೊಳೆದು ಹುಡುಗಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಪರದೆಯ ಮೇಲೆ ಹರಳುಗಳು, ಒಳ್ಳೆಯ ಗಾರೆ ಕೆಲಸದವನು ಹಾಸಿದ ನೆಲದ ಹಾಗೆ ಒಂದೇ ದಿಕ್ಕಿಗೆ ಸಾಲಾಗಿ ಕೂತಿದ್ದವು. ಆ ನೆಲಕ್ಕೆ ಅಡ್ಡಲಾಗಿ, ಈ ಅಂಚಿನಿಂದ ಆ ಅಂಚಿಗೆ, ಕೂದಲೆಳೆಯಂಥ ಕಪ್ಪು ಗೆರೆಗಳು.

“ಇವು ಯಾವಾಗ ಬಂದಿದ್ದು?” ಎಂದಳು ರೀಲಕ್ಕ.

“ಸುತ್ತಿದಾಗ್ಲೇ ಅಕ್ಕ. ಮೊದಲ ಎಂಟು ಸುತ್ತು. ಶುರುವಾದ ಐದೇ ನಿಮಿಷದಲ್ಲಿ.”

ಅಂದರೆ ಹಾಡು ಗುನುಗುತ್ತಿದ್ದಾಗ. ಬೆರಳಿಗೆ ತಾಗಿಯೇ, ಒಂದರ ಹಿಂದೊಂದು ಬಿರುಕು. ಅವಳಿಗೆ ಏನೂ ಕೇಳಿಸಿರಲಿಲ್ಲ. ಈ ಆರು ದಿನ ಕೇಳಿಸಿದ್ದು ಇನ್ನೇನೋ.

ಸೋಮವಾರ ಪಟ್ಟಿಯ ಹೊಸ ರೀಲು ಬಂತು. ಈ ಸಲ ಇಬ್ಬರೂ ಸೇರಿ ಚೂರು ತೊಳೆದು, ನೋಡಿ, ಚುಕ್ಕೆ ಇಟ್ಟರು. “ಬೇರೆಯವರು ಸುತ್ತಲಿ” ಎಂದಳು ರೀಲಕ್ಕ. “ಬೇರೆ ಯಾರಿದ್ದಾರೆ?” ಎಂದಳು ಹುಡುಗಿ. ಅದು ಕ್ಷಮೆಯೋ, ಗತಿಯಿಲ್ಲದ ಮಾತೋ ತಿಳಿಯಲಿಲ್ಲ.

ಮೊದಲ ಸುತ್ತಿಗೆ ದಿಂಡು ಹಿಡಿದ ಕೈ ನಿಂತೇಬಿಟ್ಟಿತು.

“ಏನಾದ್ರೂ ಮಾತಾಡ್ತಾ ಇರಮ್ಮ.”

“ಏನು ಮಾತಾಡ್ಲಿ?”

“ಏನಾದ್ರೂ ಸರಿ. ಸುಮ್ಮನಿದ್ರೆ ಕೇಳಿಸುತ್ತೆ.”

ಹುಡುಗಿಗೆ ಏನೂ ತೋಚಲಿಲ್ಲ. ಗೋಡೆಯ ಮೇಲೆ ಅಂಟಿಸಿದ್ದ ಸುರಕ್ಷತಾ ನಿಯಮಗಳನ್ನು ಒಂದನೆಯದರಿಂದ ಜೋರಾಗಿ ಓದತೊಡಗಿದಳು. ರೀಲಕ್ಕ ದಿಂಡು ತಿರುಗಿಸಿದಳು. ಎಂಟನೆಯ ಸುತ್ತು ಮುಗಿಯುವ ಹೊತ್ತಿಗೆ ನಿಯಮಗಳು ಮುಗಿದಿದ್ದವು.

“ಇನ್ನೊಂದ್ಸಲ ಓದು” ಎಂದಳು.