ತವರಿನ ಒಂದು ಬಾಟಲಿ ನೀರು

ಬೆಳಿಗ್ಗೆ ಐದೂವರೆಗೆ ಬೆಂಗಳೂರಿನ ಇಟ್ಟಮಡುವಿನ ಈ ತಿರುವಿನಲ್ಲಿ ಮನುಷ್ಯರಿಗಿಂತ ಮೊದಲು ಕ್ಯಾನುಗಳು ಸಾಲು ನಿಂತಿರುತ್ತವೆ. ನೀಲಿ ಮುಚ್ಚಳದ್ದು, ಮುಚ್ಚಳವೇ ಇಲ್ಲದ್ದು, ಗುರುತಿಗೆಂದು ಹಿಡಿಗೆ ಕೆಂಪು ರಿಬ್ಬನ್ ಕಟ್ಟಿದ್ದು. ಅವುಗಳ ಒಡೆಯರು ಜಾಗ ಹಿಡಿದಿಟ್ಟು ಮತ್ತೆ ಹೋಗಿ ಮಲಗಿದ್ದಾರೆ. ರೇಣವ್ವ ಶಟರ್ ಎತ್ತಿ, ಬಾಗಿಲಿಗೆ ನೀರು ಚಿಮುಕಿಸಿ, ಯಂತ್ರದ ಸ್ವಿಚ್ ಒತ್ತುತ್ತಾರೆ. ಮೊದಲ ಲೋಟ ನೀರು ಕುಡಿಯುವವರು ಅವರೇ. ಅದಾದ ಮೇಲೆ ನೀರಿನ ಲವಣಾಂಶ ಅಳೆಯುವ ಮೀಟರ್ ಅದ್ದಿ ನೋಡುತ್ತಾರೆ. ನಾಲಿಗೆ ಹೇಳಿದ್ದಕ್ಕೂ ಮೀಟರ್ ತೋರಿಸಿದ್ದಕ್ಕೂ ತಾಳೆಯಾಗದಿದ್ದರೆ ಅವರು ಅನುಮಾನಪಡುವುದು ಮೀಟರನ್ನೇ.

ಈ ಶುದ್ಧ ನೀರಿನ ಘಟಕವನ್ನು ಏಳು ವರ್ಷದ ಹಿಂದೆ ಕಟ್ಟಿಸಿಕೊಟ್ಟದ್ದು ಜಯನಗರದ 'ಒರತೆ' ಸೇವಾ ಕ್ಲಬ್. ಸದಸ್ಯರಲ್ಲಿ ಹೆಚ್ಚಿನವರು ನಿವೃತ್ತರು. ಕಣ್ಣಿನ ಶಿಬಿರ ಮಾಡುತ್ತಾರೆ, ಸರ್ಕಾರಿ ಶಾಲೆಯ ಮಕ್ಕಳಿಗೆ ನೋಟ್‌ಬುಕ್ ಹಂಚುತ್ತಾರೆ, ಅಲ್ಲಲ್ಲಿ ಇಂಥ ಘಟಕ ಹಾಕಿಸುತ್ತಾರೆ. ಉದ್ಘಾಟನೆಯ ದಿನ ರಿಬ್ಬನ್ನು, ಶಾಲು, ಫೋಟೋ, ಕೇಸರಿಬಾತು ಎಲ್ಲವೂ ಸಾಂಗವಾಗಿ ನಡೆದವು. ಮಾರನೆಯ ದಿನದಿಂದ ಇಲ್ಲಿ ನಿಂತವರು ರೇಣವ್ವ ಒಬ್ಬರೇ. ದಿನಕ್ಕೆ ಇನ್ನೂರು ಕ್ಯಾನು, ಕಾವೇರಿ ನೀರು ಕೈಕೊಟ್ಟ ದಿನ ಮುನ್ನೂರು. ಪಿ.ಜಿ.ಗಳ ಅಡುಗೆಯವರು ಬರುತ್ತಾರೆ, ಕಟ್ಟಡದ ಕೆಲಸದವರು ಬರುತ್ತಾರೆ. ಮನೆಯಲ್ಲೇ ದುಬಾರಿ ಫಿಲ್ಟರ್ ಇದ್ದರೂ ಕಾಫಿಗೆ ಇದೇ ನೀರಾಗಬೇಕೆನ್ನುವ ಉಮಾಮಹೇಶ್ವರಿ ಆಂಟಿಯೂ ತಪ್ಪದೆ ಬರುತ್ತಾರೆ. ಎಲ್ಲರೊಡನೆಯೂ ರೇಣವ್ವನಿಗೆ ಮಾತು ಬೇಕು, ನಗು ಬೇಕು. ನಗುವಾಗ ಮಾತ್ರ ಸೆರಗು ಬಾಯಿಗೆ ಹೋಗುತ್ತದೆ.

ಆ ಸೆರಗಿನ ಹಿಂದೆ ಕಂದುಗಟ್ಟಿದ ಹಲ್ಲುಗಳಿವೆ. ನಲವತ್ತನಾಲ್ಕು ವರ್ಷದ ರೇಣವ್ವ ಹುಟ್ಟಿ ಬೆಳೆದದ್ದು ಕುಷ್ಟಗಿ ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ. ಅಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. "ಸಣ್ಣಾಕಿ ಇದ್ದಾಗ ಎಲ್ಲಾರ ಹಲ್ಲೂ ಹಿಂಗ ಇರ್ತಾವ ಅಂತ ತಿಳ್ಕೊಂಡಿದ್ದೆ ನೋಡ್ರಿ. ಬೆಂಗ್ಳೂರಿಗೆ ಬಂದ ಮ್ಯಾಲ ಗೊತ್ತಾತು," ಎನ್ನುತ್ತಾರೆ. ಅವರ ಹಲ್ಲಿಗಷ್ಟೇ ತಟ್ಟಿದ್ದು ತಾಯಿ ನೀಲವ್ವನ ಮೂಳೆಗೂ ಇಳಿದಿದೆ. ಮೊಣಕಾಲು ಬಾಗಿ, ಕೋಲಿಲ್ಲದೆ ಅಂಗಳ ದಾಟಲಾಗದು. ಮಗಳು ಇಲ್ಲಿ ಊರಿಗೆಲ್ಲ ಒಳ್ಳೆಯ ನೀರು ಕೊಡುತ್ತಾಳೆ, ತಾಯಿ ಅಲ್ಲಿ ಇವತ್ತಿಗೂ ಅದೇ ನೀರು ಕುಡಿಯುತ್ತಾಳೆ. ಕ್ಯಾನು ತುಂಬುವ ಒಂದೊಂದು ಸಲವೂ ರೇಣವ್ವನಿಗೆ ಇದು ನೆನಪಾಗುತ್ತದೆ.

ಕ್ಲಬ್ಬು ವರ್ಷಕ್ಕೊಂದು ಹಳ್ಳಿಗೂ ಘಟಕ ಹಾಕಿಸುತ್ತದೆ. ಯಾರಲ್ಲೂ ಏನನ್ನೂ ಕೇಳದ ರೇಣವ್ವ ಎರಡು ವರ್ಷದ ಹಿಂದೆ ಧೈರ್ಯಮಾಡಿ ಕಾರ್ಯದರ್ಶಿ ಜಯಸಿಂಹ ಅವರಲ್ಲಿ ತಮ್ಮೂರಿನ ಹೆಸರು ಹೇಳಿದರು. ಜಯಸಿಂಹ ನಿವೃತ್ತ ಎಂಜಿನಿಯರು, ಲೆಕ್ಕಾಚಾರದ ಮನುಷ್ಯ. ಊರಿನ ನೀರು ಒಂದು ಬಾಟಲಿ ತರಿಸಿ, ಪರೀಕ್ಷೆಯಲ್ಲಿ ದೋಷ ಕಂಡರೆ ಖಂಡಿತ ಮಾಡೋಣ ಎಂದರು. ರೇಣವ್ವ ಊರಿನಲ್ಲಿರುವ ತಮ್ಮ ಬಸವಂತನಿಗೆ ಫೋನ್ ಮಾಡಿದರು. ನಾಲ್ಕನೆಯ ದಿನ ಬಸ್ಸಿನಲ್ಲಿ ಬಾಟಲಿ ಬಂತು, ಬಟ್ಟೆ ಸುತ್ತಿ, ದಾರ ಬಿಗಿದು.

ವರದಿ ಹಿಡಿದುಕೊಂಡು ಜಯಸಿಂಹ ಖುಷಿಯಾಗಿಯೇ ಬಂದರಂತೆ. "ನಿಮ್ಮೂರ ನೀರಲ್ಲಿ ಏನೂ ತೊಂದ್ರೆ ಇಲ್ಲಮ್ಮ, ನಮ್ಮ ಜಯನಗರದ್ದಕ್ಕಿಂತ ಚೆನ್ನಾಗಿದೆ," ಎಂದರು. ಪಟ್ಟಿಯಿಂದ ಊರಿನ ಹೆಸರು ಹೋಯಿತು. ಆ ವರ್ಷದ ಘಟಕ ಬೇರೆ ಹಳ್ಳಿಯ ಪಾಲಾಯಿತು.

ರೇಣವ್ವ ಮೊದಲು ಸಿಟ್ಟಾದದ್ದು ಪ್ರಯೋಗಾಲಯದ ಮೇಲೆ. ಆಮೇಲೆ ಊರಿಗೆ ಫೋನ್ ಮಾಡಿದಾಗ ಸಂಗತಿ ಹೊರಬಿತ್ತು. ಬಸವಂತ ಪರೀಕ್ಷೆ ಗಿರೀಕ್ಷೆ ಏನೂ ಹೇಳದೆ, ಅಕ್ಕನಿಗೆ ಊರ ನೀರು ಬೇಕಂತೆ ಎಂದಷ್ಟೇ ತಾಯಿಗೆ ತಿಳಿಸಿದ್ದ. ನೀಲವ್ವ ನಸುಕಿಗೇ ಎದ್ದು, ಯಾರಿಗೂ ಹೇಳದೆ, ಕೋಲೂರಿಕೊಂಡು ಎರಡು ಮೈಲಿ ಆಚೆಯ ಸಿಹಿನೀರಿನ ಬಾವಿಗೆ ಹೋಗಿದ್ದಳು. ಅಲ್ಲಿ ಯಾರನ್ನೋ ಕಾಡಿ ಸೇದಿಸಿ, ಸೀರೆಯ ಸೆರಗಿನಲ್ಲಿ ಸೋಸಿ ಬಾಟಲಿ ತುಂಬಿಸಿಕೊಂಡು ಮನೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು.

"ಎಷ್ಟೋ ವರ್ಷಕ್ಕ ಮಗಳು ತವರಿನ ನೀರು ಕೇಳ್ಯಾಳ, ಆ ಬೋರಿಂದು ಹೆಂಗ ಕಳಸ್ಲಿ, ಅಂದ್ಳ್ರಿ ಅವ್ವ. ಏನಂತ ಬೈಲಿ?"

ಬೈಯಲಿಲ್ಲ. ಫೋನಿಟ್ಟು ಅತ್ತರು. ಪರೀಕ್ಷೆಗೆ ಕೊಟ್ಟು ಉಳಿದ ಅರ್ಧ ಬಾಟಲಿ ಇಂದಿಗೂ ಮನೆಯ ಗೂಡಿನಲ್ಲಿ, ಎಲ್ಲಮ್ಮನ ಪಟದ ಪಕ್ಕ ಇದೆ. ಕಂಡ ನೀರನ್ನೆಲ್ಲ ನಾಲಿಗೆಗೆ ಹಚ್ಚಿ ನೋಡುವ ರೇಣವ್ವ ಅದರ ಮುಚ್ಚಳ ತೆರೆದಿಲ್ಲ.

ವಿಷಯ ತಿಳಿದ ಜಯಸಿಂಹ ಈ ವರ್ಷ ಮತ್ತೆ ಅರ್ಜಿ ಬರೆಸಿದ್ದಾರೆ. ಶ್ರಾವಣ ಮುಗಿಯುವುದರೊಳಗೆ ಮಾದರಿ ನೀರು ಬರಬೇಕು. ಬೇಕಿದ್ದರೆ ಕ್ಲಬ್ಬಿನಿಂದಲೇ ಒಬ್ಬರನ್ನು ಕಳಿಸುತ್ತೇವೆ ಎಂದರೂ ರೇಣವ್ವ ಒಪ್ಪಿಲ್ಲ, ತಾವೇ ಹೋಗಿ ತರುತ್ತಾರಂತೆ. ಬರುವ ವಾರ ನಾಗರ ಪಂಚಮಿ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಜೀಕುವ, ಬರುವಾಗ ಎಳ್ಳು-ಶೇಂಗಾದ ಉಂಡೆ ಕಟ್ಟಿಸಿಕೊಂಡು ಬರುವ ಹಬ್ಬ. ಬಸವಂತ ವರ್ಷ ವರ್ಷವೂ ಕರೆದಿದ್ದಾನೆ. ಘಟಕ ಮುಚ್ಚಿದರೆ ಇನ್ನೂರು ಮನೆಗೆ ನೀರಿಲ್ಲ ಎಂದು ಇವರು ಏಳು ಪಂಚಮಿಗಳನ್ನು ಇದೇ ಶಟರಿನ ಕೆಳಗೆ ಕಳೆದಿದ್ದಾರೆ. ಈ ಸಲ ಗಂಡ ಭೀಮಪ್ಪ ಬನಶಂಕರಿಯ ಅಪಾರ್ಟ್‌ಮೆಂಟಿನ ವಾಚ್‌ಮನ್ ಕೆಲಸಕ್ಕೆ ಮೂರು ದಿನ ರಜೆ ಹಾಕಿ ಇಲ್ಲಿ ನಿಲ್ಲುತ್ತಾರೆ. ಅವರಿಗೆ ಮೀಟರ್ ಹಿಡಿಯುವ ತರಬೇತಿ ನಡೆದಿದೆ. ಗುರುವಿಗೆ ತಾಳ್ಮೆ ಕಡಿಮೆ.

ಘಟಕ ಬಂದರೆ ಮೊದಲ ಕೊಡ ಅವ್ವನೇ ತುಂಬಬೇಕು, ಅಷ್ಟೇ ಆಸೆ ಎನ್ನುತ್ತಾರೆ ರೇಣವ್ವ. ಆದರೆ ಅದಕ್ಕೆ ಮೊದಲು ಅವ್ವನನ್ನು ಗೆಲ್ಲಬೇಕಲ್ಲ. ಪರೀಕ್ಷೆಯ ವಿಷಯ ಬಿಡಿಸಿ ಹೇಳಿದ್ದಾಯಿತು, ನೀನು ಕುಡಿಯುವುದನ್ನೇ ಕೊಡು ಎಂದು ಬೇಡಿಕೊಂಡದ್ದೂ ಆಯಿತು. ಇಷ್ಟು ವರ್ಷಕ್ಕೆ ಬರುವವಳ ಕೈಗೆ ಅದನ್ನು ಹೇಗೆ ಕೊಡಲಿ ಎಂದು ಮುದುಕಿ ಪಟ್ಟು ಹಿಡಿದಿದ್ದಾಳೆ. ರೇಣವ್ವ ತೊಳೆದು ಬೋರಲು ಹಾಕಿದ್ದ ಖಾಲಿ ಬಾಟಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಚೀಲಕ್ಕೆ ಇಳಿಸುತ್ತಾರೆ.

"ಪಂಚಮಿಗೆ ಹೋದಾಕಿ ತವರಿಂದ ಉಂಡಿ ತರ್ತಾಳ್ರಿ," ಎನ್ನುತ್ತಾರೆ. "ನಾನು ಮಧ್ಯಾಹ್ನ ಅವ್ವ ಮಲಗಿದಾಗ ಆಕಿ ಕೊಡದಾಗಿನ ನೀರು ಕದ್ಕೊಂಡ ಬರ್ತೀನಿ."