ಹಾಡಿಗಿಂತ ಮೊದಲಿನ ಮೂರು ಪೆಟ್ಟು

ಇವತ್ತು ಬೆಳಿಗ್ಗೆ ನನ್ನ ವಿದ್ಯಾರ್ಥಿನಿಯೊಬ್ಬಳು ತಾನು ಮನೆಯಲ್ಲಿ ರೆಕಾರ್ಡ್ ಮಾಡಿದ ಧ್ವನಿಪಾಠದ ಪ್ರಾಜೆಕ್ಟ್ ಫೈಲ್ ಕಳಿಸಿದ್ದಳು. ತೆರೆದರೆ ಟ್ರ್ಯಾಕುಗಳ ಹೆಸರು ಸಾಲಾಗಿ ನಿಂತಿವೆ, ದನಿ ಮಾತ್ರ ಇಲ್ಲ. ಸಿಟ್ಟು ಬರಬೇಕಿತ್ತು, ನಗು ಬಂತು. ಯಾಕೆಂದು ನಿಮಗೆ ಹೇಳಲೇಬೇಕು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಕೇಳುವವರಿಗೆ ಬೇಸರವಾದರೂ ಇದನ್ನು ಎರಡು ಸಲ ಹೇಳುತ್ತೇನೆ. ಅಪ್ಪ ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹಮಾಲ. ನನ್ನ ಓದು ಬಿಡಿಸುವ ಮಾತು ಬಂದಾಗ ಸುರೇಬಾನದ ಕಾಕಾ ಬಂದು ಕುಳಿತು, "ಯಣ್ಣಾ, ಚೀಲಾ ಹೊರಾಕ ನಾವಿಬ್ಬರು ಸಾಕು. ಆಕಿ ಕಲೀಲಿ" ಅಂದಿದ್ದ.

ಆ ಕಾಕಾ ಭಜನಿ ಮೇಳದ ಮುಂದಾಳು. ನಾನು ಡಿಗ್ರಿ ಮುಗಿಸಿದ ವರ್ಷವೇ ಅವನ ಗಂಟಲಿಗೆ ಆಪರೇಷನ್ ಆಗಬೇಕು, ಆಮೇಲೆ ಹಾಡುವ ದನಿ ಉಳಿಯುವುದು ಅನುಮಾನ ಎಂದು ಡಾಕ್ಟರು ಹೇಳಿದರು. ದನಿ ಹಿಡಿದಿಡುವ ಕೆಲಸ ನನ್ನ ಪಾಲಿಗೆ ಬಂತು. ಕಲಿತವಳಲ್ಲವೇ! ರೆಕಾರ್ಡಿಂಗ್ ಯಂತ್ರವನ್ನು ಎರವಲು ತಂದೆ. ಕಾಕಾನಿಗೊಂದು, ಹಾರ್ಮೋನಿಯಮ್ಮಿಗೊಂದು, ತಬಲಾಕ್ಕೊಂದು ಮೈಕು. ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಚೊಕ್ಕ ಮಾಡಿ, ಮೂರನ್ನೂ ಒಂದೇ ಹಾಡಾಗಿ ಕೂಡಿಸಿಕೊಳ್ಳಲು ಪ್ರಾಜೆಕ್ಟ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ರಾಮದುರ್ಗದ ಬಸ್ಸು ಹತ್ತಿದೆ.

ಅಲ್ಲಿ ರೆಕಾರ್ಡಿಂಗ್ ಅಂಗಡಿಯ ಮೌಲಾಸಾಬರು ನನ್ನ ಡಿಗ್ರಿಯ ಸುದ್ದಿ ಕೇಳಿಸಿಕೊಂಡು, ಕನ್ನಡಕ ಏರಿಸಿ ನೋಡಿದರು. "ಇದು ಬ್ಯಾರೆ ಪ್ರೋಗ್ರಾಮಿಂದು, ತಂಗಿ. ನಂದರಾಗ ತೆರಿಯೂದಿಲ್ಲ. ತೆರದ್ರೂ ಇದರಾಗ ದನಿ ಎಲ್ಲೈತಿ? ಯಾವ ದನಿ ಎಲ್ಲಿ ಕುಂದ್ರಬೇಕನ್ನೂ ಯಾದಿ ಅಷ್ಟ ಐತಿ. ಚೀಲಾ ಮನ್ಯಾಗ ಬಿಟ್ಟು ಚೀಟಿ ಹಿಡಕೊಂಡ ಬಂದೀರಿ!"

ಹಮಾಲನ ಮಗಳಿಗೆ ಈ ಮಾತು!

ಮರುದಿನ ಮೂರೂ ಟ್ರ್ಯಾಕುಗಳನ್ನು ಯಾವ ಪ್ರೋಗ್ರಾಮಿನಲ್ಲಾದರೂ ತೆರೆಯುವ ಧ್ವನಿ ಫೈಲುಗಳನ್ನಾಗಿ ಒಯ್ದೆ. ತೆರೆದವು. ಆದರೆ ಕಾಕಾ ಪಲ್ಲವಿಯಲ್ಲಿದ್ದರೆ ಹಾರ್ಮೋನಿಯಂ ಆಗಲೇ ನುಡಿಗೆ ಹೋಗಿತ್ತು.

"ಮೂರೂ ಮಂದಿ ಬ್ಯಾರೆ ಬ್ಯಾರೆ ಬಸ್ಸಿಗೆ ಬಂದಾರ," ಎಂದರು ಮೌಲಾಸಾಬರು. "ಹಾಡಿನಕಿಂತ ಮದಲ ತಾಳದ ಪೆಟ್ಟು ಇರತಾವಲ್ರಿ? ಎಲ್ಲಿ?"

ಕಾಕಾ ಪ್ರತಿ ಹಾಡಿಗೆ ಮುನ್ನ ತಾಳವನ್ನು ಮೂರು ಸಲ ಬಡಿಯುತ್ತಿದ್ದ. ಮೂರೂ ಮೈಕುಗಳು ಅದನ್ನು ಕೇಳಿದ್ದವು. ಆ ಪೆಟ್ಟು ಹಿಡಿದು ಮೂರನ್ನೂ ಸರಿ ಕೂಡಿಸಬಹುದಿತ್ತು.

"ಅದು ಹಾಡಲ್ಲಂತ, ಒಂದೊಂದರಾಗೂ ದನಿ ಸುರು ಆಗೂತನಕ ತಗದೇನ್ರಿ."

"ಡಿಗ್ರ್ಯಾಗ ಕತ್ತರಿ ಹಿಡಿಯೂದು ಚೊಲೋ ಕಲಿಸ್ಯಾರ, ಬಿಡ್ರಿ."

ನನಗೆ ನಗು ಬರಲಿಲ್ಲ. ಕಾಕಾ ಅಂದೇ ಬೆಳಗಾವಿಯ ಆಸ್ಪತ್ರೆ ಸೇರಿದ್ದ. ಮತ್ತೊಮ್ಮೆ ಹಾಡಿಸುವಂತಿರಲಿಲ್ಲ. ಕತ್ತರಿಸದ ಪ್ರತಿ ಉಳಿಸಿದ್ದೆನೋ ಇಲ್ಲವೋ, ಬಸ್ಸಿನ ದಾರಿಯುದ್ದಕ್ಕೂ ನೆನಪಾಗಲಿಲ್ಲ. ಮನೆಗೆ ಬಂದು ಹುಡುಕಿದೆ. 'ಹಳೇದು' ಎಂದು ನಾನೇ ಹೆಸರಿಟ್ಟು ಮರೆತಿದ್ದ ಫೋಲ್ಡರಿನಲ್ಲಿ ಮೂರೂ ಇದ್ದವು. ಒಂದಿಷ್ಟೂ ಕತ್ತರಿಸದೆ ಒಯ್ದೆ.

ಮೌಲಾಸಾಬರು ಮೂರರ ತಾಳದ ಪೆಟ್ಟುಗಳನ್ನೂ ಸರಿ ಕೂಡಿಸಿ ಹಾಡು ಹಚ್ಚಿದರು. ಮೊದಲು ಬಂದದ್ದು ಕಾಕಾನ ಮಾತು: "ಎಲ್ಲಾರೂ ಕುಂತ್ರಿಲ್ಲ? ನೀನೂ ಕುಂದ್ರವಾ, ನಿಂತಿ ಯಾಕ?" ಅದು ನನಗೆ ಹೇಳಿದ್ದು. ಆಮೇಲೆ ಮೂರು ಪೆಟ್ಟು. ಆಮೇಲೆ ಹಾಡು.

ಮೌಲಾಸಾಬರು ಚೇಷ್ಟೆ ನಿಲ್ಲಿಸಿದರು. "ಇದನ್ನ ಕತ್ತರಿಸಿದ್ರೇನ ತಂಗಿ?" ಎಂದು ಮೆಲ್ಲಗೆ ಕೇಳಿದರು.

ಕಾಕಾ ಈಗ ಪಿಸುಗುಡುತ್ತಾನೆ ಅಷ್ಟೆ. ಮೇಳದಲ್ಲಿ ಕುಳಿತು ತಾಳ ಬಡಿಯುತ್ತಾನೆ. ಊರವರು ಆ ರೆಕಾರ್ಡಿಂಗಿನ ಹಾಡು ಕೇಳುತ್ತಾರೆ. ನಾನು ಕೇಳುವುದು ಹಾಡಿಗಿಂತ ಮೊದಲಿನದನ್ನು.

ವಿದ್ಯಾರ್ಥಿನಿಗೆ ಫೋನ್ ಮಾಡಿದೆ. "ಚೀಟಿ ಅಷ್ಟ ಕಳಿಸೀದಿ, ಚೀಲಾ ಕಳಸವಾ. ಎಲ್ಲಾ ಟ್ರ್ಯಾಕೂ ಮದಲಿಂದ ಬರಲಿ."

"ಮದಲಿಗೆ ನಮ್ಮವ್ವ ಒದರಿದ್ದೂ ಬಂದೈತ್ರಿ ಮಿಸ್. ತಗೀಲ್ರಿ?"

"ಬ್ಯಾಡ," ಎಂದೆ. "ಹಂಗ ಇರಲಿ."